ಬ್ಯಾರೆಯವರ ಗಾಡಿ ಚಾವಿ

ಗಾಜಿನ ಕೌಂಟರಿನ ಮೇಲೆ ಭಾಯ್ ಮೂರು ರಿಮೋಟ್ ಸಾಲಾಗಿ ಇಟ್ಟರು. ಮೂರೂ ಕರಿ ಬಣ್ಣದವು. ಮೂರಕ್ಕೂ ಎರಡೆರಡು ಗುಂಡಿ, ಒಂದರ ಮೇಲೆ ಬೀಗ ಹಾಕಿದ ಚಿತ್ರ, ಇನ್ನೊಂದರ ಮೇಲೆ ಬೀಗ ತೆರೆದ ಚಿತ್ರ. ಮೊದಲನೆಯದರಲ್ಲಿ ಯಾರದೋ ಹೆಬ್ಬೆರಳು ವರ್ಷಗಟ್ಟಲೆ ತಿಕ್ಕಿ ಚಿತ್ರ ಅಳಿಸಿಹೋಗಿತ್ತು. ಮೂರನೆಯದಕ್ಕೆ ಯಲ್ಲಮ್ಮನ ಗುಡ್ಡದಿಂದ ತಂದಂತಿದ್ದ ಕೆಂಪು ದಾರ ಇನ್ನೂ ಸುತ್ತಿಕೊಂಡಿತ್ತು. ಭಾಯ್ ಒಂದೊಂದನ್ನೇ ಅಂಗೈಯಗಲದ ಮೀಟರಿನ ಮೇಲೆ ಹಿಡಿದು ಒತ್ತಿದರು. ಮೂರು ಸಲವೂ ಪರದೆಯ ಮೇಲೆ ಅದೇ ಸಂಖ್ಯೆ: 433.92.

‘ನೋಡ್ರಿ ಸರ, ಮೂರೂ ಒಂದ ದನಿಯೊಳಗ ಕೂಗ್ತಾವು. ಆದ್ರ ನಿಮ್ಮ ಗಾಡಿ ಇದರಾಗ ಒಂದಕ್ಕ ಅಷ್ಟ ಹೂಂ ಅಂದ್ರ ಅಂತೈತಿ.’

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಒಳಗೆ ತಿರುಗುವ ಓಣಿಯೊಂದರಲ್ಲಿ ಅವರ ಅಂಗಡಿ. ನಮ್ಮ ಗಾಡಿ 2007ರದು, ಕೆಎ-25 ನಂಬರಿನದು. ಹುಬ್ಬಳ್ಳಿಗೆ ಕೆಎ-63 ಅಂತ ಬೇರೆ ನಂಬರ್ ಬರುವ ಮೊದಲು ಅವಳಿ ನಗರದ ಎಲ್ಲ ಗಾಡಿಗಳೂ ಧಾರವಾಡದವೇ ಆಗಿದ್ದವು. ಕೊಂಡಾಗ ಎರಡು ರಿಮೋಟ್ ಕೊಟ್ಟಿದ್ದರು. ಒಂದು ಪ್ಯಾಂಟಿನ ಜೇಬಿನಲ್ಲೇ ಉಳಿದು ವಾಷಿಂಗ್ ಮಷೀನಿನಲ್ಲಿ ಮೂರು ಸುತ್ತು ತಿರುಗಿ ಹೋಯಿತು. ಇನ್ನೊಂದು ಉಣಕಲ್ಲಿನ ಮದುವೆಯೊಂದರಲ್ಲಿ ಕಳೆಯಿತು. ಹೊಸದನ್ನು ತರಿಸಿದರೆ ಗಾಡಿಯ ಈಗಿನ ಬೆಲೆಗೆ ಹೋಲಿಸಿ ನಗು ಬರುವಷ್ಟು ದುಡ್ಡು. ಹಾಗಾಗಿ ಹಳೆಯದನ್ನೇ ಕೊಳ್ಳೋಣ ಅಂತ ಮೊದಲು ಅಂಚೆಯಲ್ಲಿ ಒಂದನ್ನು ತರಿಸಿದೆ. ನೋಡಲಿಕ್ಕೆ ನಮ್ಮದರ ಅವಳಿ. ಹೊಸ ಸೆಲ್ ಹಾಕಿದೆ, ಕೆಂಪು ದೀಪ ಮಿಣುಕಿತು, ಗಾಡಿ ಮಾತ್ರ ಕಲ್ಲಾಗಿ ನಿಂತಿತು. ಮುನ್ನೂರು ರೂಪಾಯಿ ಕೊಟ್ಟು ನಾನು ಕೊಂಡಿದ್ದು ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಇನ್ಯಾರದೋ ಗಾಡಿಯ ನೆನಪು.

ಹಳೆಯ ಲೋಹದ ಚಾವಿಯಲ್ಲಿ ಗುಟ್ಟೆಲ್ಲ ಆಕಾರದಲ್ಲೇ ಇತ್ತು. ಹಲ್ಲು ಸರಿಯಾಗಿ ಕೊರೆದರೆ ಕೀಲಿ ತೆರೆಯಿತು, ಚಾವಿ ಯಾರು ಮಾಡಿದರು, ಎಲ್ಲಿಂದ ಬಂತು ಅಂತ ಕೀಲಿ ಕೇಳುತ್ತಿರಲಿಲ್ಲ. ರಿಮೋಟಿನ ಕತೆ ಹಾಗಲ್ಲ. ಅದರ ಆಕಾರಕ್ಕೆ ಕವಡೆ ಕಿಮ್ಮತ್ತಿಲ್ಲ. ಒಂದೇ ಲೆಕ್ಕವನ್ನು ಎರಡು ಕಡೆ ಇಡುವ ವ್ಯವಹಾರ ಅದು, ಒಂದು ಕಡೆ ನಿಮ್ಮ ಜೇಬಿನಲ್ಲಿ, ಇನ್ನೊಂದು ಕಡೆ ಗಾಡಿಯ ಡ್ಯಾಶ್‌ಬೋರ್ಡಿನ ಹಿಂದಿನ ಪೆಟ್ಟಿಗೆಯಲ್ಲಿ. ಹಳೆಯ ರಿಮೋಟ್ ಕೊಳ್ಳುವವರು ಇದರಲ್ಲಿ ಅರ್ಧವನ್ನಷ್ಟೇ ಕೊಳ್ಳುತ್ತಾರೆ.

ಮೊದಲು ಆ 433.92 ಏನು ಅಂತ ನೋಡಿಬಿಡೋಣ. ಅದು ಮೆಗಾಹರ್ಟ್ಸ್‌ನಲ್ಲಿನ ಲೆಕ್ಕ. ಗುಂಡಿ ಒತ್ತಿದಾಗ ರಿಮೋಟಿನೊಳಗಿನ ವಿದ್ಯುತ್ತು ಸೆಕೆಂಡಿಗೆ ಸುಮಾರು 43 ಕೋಟಿ ಸಲ ಹಿಂದೆ ಮುಂದೆ ಓಲಾಡುತ್ತದೆ. ಧಾರವಾಡ ಆಕಾಶವಾಣಿಯನ್ನು ಹಳೆಯ ರೇಡಿಯೊದಲ್ಲಿ ಮುಳ್ಳು ತಿರುಗಿಸಿ ಹಿಡಿಯುತ್ತಿದ್ದದ್ದು 765 ಕಿಲೋಹರ್ಟ್ಸ್‌ನಲ್ಲಿ. ಅದರ ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರ್, ಅಂದರೆ ಒಂದು ಓಣಿಯ ಈ ತುದಿಯಿಂದ ಆ ತುದಿಗೆ. ರಿಮೋಟಿನ ಅಲೆ 69 ಸೆಂಟಿಮೀಟರ್, ಸುಮಾರು ಒಂದೂವರೆ ಮೊಳ. ಅಲೆ ಗಿಡ್ಡವಾದಷ್ಟೂ ಆಂಟೆನಾ ಗಿಡ್ಡವಾದೀತು. ಆದರೂ ಇದಕ್ಕೆ ಸರಿಯಾದ ತಂತಿ 17 ಸೆಂಟಿಮೀಟರಿನಷ್ಟಾದರೂ ಬೇಕು, ಅಷ್ಟುದ್ದದ ರಿಮೋಟನ್ನು ಜೇಬಿನಲ್ಲಿ ಇಡುವವರಾರು? ಹಾಗಾಗಿ ಬೋರ್ಡಿನ ಅಂಚಿಗೆ ತಾಮ್ರದ ಒಂದು ಗೆರೆ ಎಳೆದು ಅದನ್ನೇ ಆಂಟೆನಾ ಅನ್ನುತ್ತಾರೆ. ಬಡ ಆಂಟೆನಾ ಅದು, ಹಾಕಿದ ಶಕ್ತಿಯ ಬಹುಪಾಲು ಒಳಗೇ ಸೋರಿಹೋಗುತ್ತದೆ.

ಕಲಾಭವನ ಮೈದಾನದ ಆ ತುದಿಯಲ್ಲಿ ಗಾಡಿ ನಿಲ್ಲಿಸಿ ಈ ತುದಿಯಿಂದ ಒತ್ತುವವರಿಗೆ ಒಂದು ಉಪಾಯ ಇದೆ. ರಿಮೋಟನ್ನು ಗದ್ದಕ್ಕೆ ಒತ್ತಿ ಹಿಡಿದು ಗುಂಡಿ ಅದುಮಿ. ದೂರ ಒಂದಿಷ್ಟು ಹೆಚ್ಚುತ್ತದೆ. ತಲೆಯಲ್ಲಿ ತುಂಬಿರುವುದು ಬಹುಮಟ್ಟಿಗೆ ಉಪ್ಪುನೀರು. ಅದು ರಿಮೋಟಿನ ರೇಡಿಯೊ ಕ್ಷೇತ್ರದ ಜೊತೆ ಸೇರಿ ತಾನೂ ಆಂಟೆನಾದ ಹಾಗೆ ವರ್ತಿಸುತ್ತದೆ. ನೀರು ತುಂಬಿದ ಬಾಟಲಿಗೆ ತಾಗಿಸಿದರೂ ಒಮ್ಮೊಮ್ಮೆ ಅದೇ ಪರಿಣಾಮ. ನೋಡಿದವರು ಏನಾದರೂ ಅಂದುಕೊಳ್ಳಲಿ.

ಇದೇ ತರಂಗಾಂತರದಲ್ಲಿ ವೈರ್‌ಲೆಸ್ ಕಾಲಿಂಗ್ ಬೆಲ್ಲುಗಳು, ಗೇಟಿನ ರಿಮೋಟುಗಳು, ಕೆಲವು ಆಟಿಕೆಗಳು ಕೂಡ ಕೂಗುತ್ತಿರುತ್ತವೆ. ಒಂದೇ ಜಾಗದಲ್ಲಿ ನಿಲ್ಲಿಸಿದಾಗ ಮಾತ್ರ ರಿಮೋಟ್ ಮೊಂಡು ಹಿಡಿದರೆ ತಪ್ಪು ರಿಮೋಟಿನದಲ್ಲ, ಹತ್ತಿರದಲ್ಲೆಲ್ಲೋ ಯಾವುದೋ ಯಂತ್ರ ಬಾಯಿ ಮುಚ್ಚದೆ ಮಾತಾಡುತ್ತಿದೆ ಅಂತ ಅರ್ಥ. ಇನ್ನು ಅಮೆರಿಕ, ಜಪಾನಿನ ಗಾಡಿಗಳ ರಿಮೋಟುಗಳಲ್ಲಿ 315 ಮೆಗಾಹರ್ಟ್ಸ್‌ನವು ಬಹಳ. ಅಂಥದ್ದನ್ನು ತರಿಸಿಕೊಂಡರೆ ಧಾರವಾಡ ಸ್ಟೇಷನ್ ಹಿಡಿದ ರೇಡಿಯೊದ ಮುಂದೆ ಕೂತು ಬೆಂಗಳೂರಿನ ವಾರ್ತೆಗೆ ಕಾದಂತೆ. ಮೊಬೈಲಿನ ಕ್ಯಾಮೆರಾದಲ್ಲಿ ನೋಡಿ ರಿಮೋಟ್ ಜೀವಂತ ಇದೆಯೋ ಅಂತ ಪರೀಕ್ಷಿಸುವ ಜಾಣತನವೂ ಇಲ್ಲಿ ನಡೆಯುವುದಿಲ್ಲ. ಟಿವಿ ರಿಮೋಟಿನದು ಅವಗೆಂಪು ಬೆಳಕು, ಕ್ಯಾಮೆರಾಕ್ಕೆ ಕಂಡೀತು, ಇದು ರೇಡಿಯೊ.

ಆದರೆ ಕಾರಿನ ರಿಮೋಟು ಹುಟ್ಟಿದ್ದು ಟಿವಿ ರಿಮೋಟಿನ ತಮ್ಮನಾಗಿಯೇ. 1982ರಲ್ಲಿ ಫ್ರಾನ್ಸಿನ ರೆನೋ ಕಂಪನಿ ತನ್ನ ಫ್ಯೂಗೊ ಕಾರಿಗೆ ಅವಗೆಂಪು ಬೆಳಕಿನ ರಿಮೋಟ್ ಕೊಟ್ಟಿತು. ಅದನ್ನು ರೂಪಿಸಿದವರು ಪಾಲ್ ಲಿಪ್ಶುಟ್ಸ್. ಅವರ ಹೆಸರಿನ ಮೊದಲಕ್ಷರ ಅಡ್ಡಹೆಸರಿಗೆ ಅಂಟಿ ‘ಪ್ಲಿಪ್’ ಅನ್ನುವ ಪದ ಹುಟ್ಟಿತು, ಫ್ರಾನ್ಸಿನಲ್ಲಿ ಇವತ್ತಿಗೂ ಕಾರಿನ ರಿಮೋಟಿಗೆ ಪ್ಲಿಪ್ ಅನ್ನುತ್ತಾರೆ. ಬೆಳಕು ಹೋಗಿ ರೇಡಿಯೊ ಬಂದ ಮೇಲೆ ಗುರಿ ಹಿಡಿಯುವ ಕಷ್ಟ ತಪ್ಪಿತು, ಬೇರೊಂದು ಕಷ್ಟ ಬಂತು. ಆ ಕಾಲದ ರಿಮೋಟುಗಳು ಪ್ರತಿ ಸಲವೂ ಅದೇ ಸಂಖ್ಯೆಯನ್ನು ಕೂಗುತ್ತಿದ್ದವು. ಪಕ್ಕದಲ್ಲಿ ನಿಂತು ಒಮ್ಮೆ ಕೇಳಿಸಿಕೊಂಡು, ನೀವು ಆಚೆ ಹೋದ ಮೇಲೆ ಹಾಗೇ ಕೂಗಿದರೆ ಬಾಗಿಲು ತೆರೆಯುತ್ತಿತ್ತು. ಗಿಳಿಗೂ ಸಾಧ್ಯವಾಗುವ ಕಳ್ಳತನ.

ಗಿಳಿಯನ್ನು ಸೋಲಿಸುವುದು ಹೇಗೆ? ಒಮ್ಮೆ ಹೇಳಿದ ಮಾತು ಮತ್ತೆ ನಡೆಯದಂತೆ ಮಾಡಬೇಕು.

ಈ ಕೆಲಸ ಮಾಡಿದ ಹೆಸರಾಂತ ವಿಧಾನ ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, 1980ರ ದಶಕದ ನಡುವಿನಲ್ಲಿ. ನ್ಯಾನೊಟೆಕ್ ಅನ್ನುವ ಕಂಪನಿಗಾಗಿ ಗಿಡಿಯನ್ ಕೂನ್ ಇದರ ಗಣಿತ ಹೊಸೆದರು. ಹೆಸರು ಕೀಲಾಕ್, ಕನ್ನಡದ ಕಿವಿಗೆ ನಮ್ಮ ಕೀಲಿಯ ನೆಂಟನಂತೆಯೇ ಕೇಳುತ್ತದೆ. 1995ರಲ್ಲಿ ಅಮೆರಿಕದ ಮೈಕ್ರೋಚಿಪ್ ಕಂಪನಿ ಒಂದು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಇದನ್ನು ಕೊಂಡಿತು. ಎಂಟು ಕಾಲಿನ ಪುಟ್ಟ ಚಿಪ್ಪಾಗಿ ಅದು ಲೋಕದ ಗ್ಯಾರೇಜ್ ಬಾಗಿಲುಗಳಿಗೆ, ಕಾರುಗಳಿಗೆ ಹರಡಿತು.

ನಮ್ಮಲ್ಲಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೋಡಿದವರಿಗೆ ಇದು ಬೇಗ ಹೊಳೆದೀತು. ಒಂದು ಪುಸ್ತಕ ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಸಾಮಾನು ತಂದಾಗಲೆಲ್ಲ ಎರಡರಲ್ಲೂ ಒಂದೊಂದು ಸಾಲು. ಎರಡೂ ತಾಳೆಯಾದರೆ ಮಾತಿಲ್ಲ. ರಿಮೋಟಿನೊಳಗೆ ಇಂಥ ಒಂದು ಎಣಿಕೆ ಇದೆ, ಗುಂಡಿ ಒತ್ತಿದಾಗಲೆಲ್ಲ ಒಂದೊಂದು ಏರುತ್ತದೆ, 0ಯಿಂದ 65,535ರ ತನಕ. ದಿನಕ್ಕೆ 20 ಸಲ ಒತ್ತಿದರೂ ಒಂದು ಸುತ್ತು ಮುಗಿಯಲಿಕ್ಕೆ ಒಂಬತ್ತು ವರ್ಷ ಹತ್ತಿರ ಬೇಕು. ಆ ಎಣಿಕೆಯನ್ನು ಹಾಗೇ ಕೂಗಿದರೆ ಕಳ್ಳ ಮುಂದಿನ ಸಂಖ್ಯೆಯನ್ನು ಊಹಿಸಿಯಾನು. ಅದಕ್ಕೇ ಅದನ್ನು 64 ಬಿಟ್ಟಿನ ಗುಪ್ತ ಸಂಖ್ಯೆಯೊಂದರ ಜೊತೆ 528 ಸುತ್ತು ಕಲಸಿ ಕಳಿಸುತ್ತಾರೆ. ಹೊರಬರುವುದು 32 ಬಿಟ್ಟಿನ ಮುದ್ದೆ, 429 ಕೋಟಿಗೂ ಹೆಚ್ಚು ಸಾಧ್ಯತೆಗಳಲ್ಲಿ ಒಂದು. 100ರ ಮುದ್ದೆಗೂ 101ರ ಮುದ್ದೆಗೂ ಏನೇನೂ ಹೋಲಿಕೆ ಇರುವುದಿಲ್ಲ. ಇದರ ಜೊತೆಗೆ ರಿಮೋಟಿನ ಕ್ರಮಸಂಖ್ಯೆ ಬಿಡಿಯಾಗಿ, ಯಾರು ಬೇಕಾದರೂ ಓದುವಂತೆ ಹೋಗುತ್ತದೆ. ಗಾಡಿ ಮೊದಲು ಕ್ರಮಸಂಖ್ಯೆ ನೋಡಿ ‘ಇವ ನಮ್ಮವನೋ’ ಅಂತ ಕೇಳುತ್ತದೆ, ಆಮೇಲೆ ಮುದ್ದೆ ಬಿಡಿಸಿ ಲೆಕ್ಕ ನೋಡುತ್ತದೆ.

ಇಲ್ಲೊಂದು ತೊಡಕು. ಗಾಡಿ ಹುಬ್ಬಳ್ಳಿಯಲ್ಲಿದೆ, ರಿಮೋಟು ಧಾರವಾಡದ ಮನೆಯಲ್ಲಿದೆ, ಮೊಮ್ಮಗಳು ಅದನ್ನು ಹಿಡಿದು ಟಿಕ್ ಟಿಕ್ ಅಂತ ಆಡುತ್ತಾಳೆ. ರಿಮೋಟಿನ ಎಣಿಕೆ ಏರಿತು, ಗಾಡಿಯದು ಅಲ್ಲೇ ನಿಂತಿತು. ಇದಕ್ಕೆ ಮೈಕ್ರೋಚಿಪ್‌ನವರು ಮಾಡಿದ ವ್ಯವಸ್ಥೆ ಯಾವ ಹಳೇ ಶೆಟ್ಟರೂ ಮೆಚ್ಚುವಂಥದ್ದು. ಲೆಕ್ಕ 16ರವರೆಗೆ ಮುಂದಿದ್ದರೆ ಗಾಡಿ ತಕರಾರಿಲ್ಲದೆ ಒಪ್ಪಿ ತನ್ನ ಪುಸ್ತಕ ತಿದ್ದಿಕೊಳ್ಳುತ್ತದೆ. ಅದಕ್ಕೂ ಮುಂದೆ ಹೋಗಿದ್ದರೆ, ಸುಮಾರು 32 ಸಾವಿರದವರೆಗೆ, ‘ಇನ್ನೊಮ್ಮೆ ಹೇಳು’ ಅನ್ನುತ್ತದೆ. ಎರಡನೇ ಸಲ ಒತ್ತಿದಾಗ ಬಂದ ಎಣಿಕೆ ಮೊದಲಿನದರ ಮುಂದಿನದೇ ಆಗಿದ್ದರೆ ಒಪ್ಪುತ್ತದೆ. ಎಣಿಕೆ ಹಿಂದಿನದಾಗಿದ್ದರೆ ಮಾತ್ರ ಸುತರಾಂ ಇಲ್ಲ, ಏಕೆಂದರೆ ಹಳೆಯ ಮಾತನ್ನು ಮತ್ತೆ ಹೇಳುವುದು ಗಿಳಿ. ಕೂಸು ಆಡಿದ ದಿನ ನಿಮ್ಮ ರಿಮೋಟ್ ಮೊದಲ ಸಲ ಕೈಕೊಟ್ಟು ಎರಡನೇ ಸಲಕ್ಕೆ ಕೆಲಸ ಮಾಡಿದ್ದರೆ ಕಾರಣ ಇದೇ ಇದ್ದೀತು. ಸೆಲ್ ಬದಲಿಸಲಿಕ್ಕೆ ಓಡಬೇಕಾಗಿಲ್ಲ.

ಹಾಗಿದ್ದ ಮೇಲೆ ಬೇರೆಯವರ ರಿಮೋಟನ್ನು ಗಾಡಿ ಒಪ್ಪಿಕೊಳ್ಳುವುದು ಹೇಗೆ? ಪರಿಚಯ ಮಾಡಿಕೊಡಬೇಕು. ಅಂಗಡಿಗಳಲ್ಲಿ ಇದಕ್ಕೆ ‘ಪ್ರೋಗ್ರಾಮ್ ಮಾಡೋದು’ ಅನ್ನುತ್ತಾರೆ. ಕೆಲವು ಗಾಡಿಗಳಲ್ಲಿ ಬಾಗಿಲು ತೆರೆದಿಟ್ಟು ಚಾವಿಯನ್ನು ಇಂತಿಷ್ಟು ಸಲ ಆನ್-ಆಫ್ ಮಾಡಿದರೆ ಅದು ಕಿವಿ ತೆರೆದು ಕೂರುತ್ತದೆ. ಆಗ ಒತ್ತಿದ ರಿಮೋಟಿನ ಕ್ರಮಸಂಖ್ಯೆಯನ್ನೂ ಎಣಿಕೆಯನ್ನೂ ಬರೆದುಕೊಳ್ಳುತ್ತದೆ. ಉಳಿದವಕ್ಕೆ ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಯಂತ್ರ ಸಿಕ್ಕಿಸಿ ಗಾಡಿಯ ಪಿನ್ ಕೊಡಬೇಕು. ರಿಮೋಟಿನ ಎಣಿಕೆ ಹತ್ತರಲ್ಲಿದ್ದರೂ ನಲವತ್ತು ಸಾವಿರದಲ್ಲಿದ್ದರೂ ಅಡ್ಡಿಯಿಲ್ಲ, ಹೊಸ ಖಾತೆ ಅಲ್ಲಿಂದಲೇ ಶುರು.

ಆದರೆ ಮುದ್ದೆ ಬಿಡಿಸುವ ಗುಪ್ತ ಸಂಖ್ಯೆ ಗಾಡಿಗೆ ಹೇಗೆ ಗೊತ್ತು? ಅದನ್ನು ಗಾಳಿಯಲ್ಲಿ ಕೂಗಿದರೆ ಗುಟ್ಟು ಉಳಿಯುವುದಿಲ್ಲವಲ್ಲ. ಇಲ್ಲಿದೆ ಇಡೀ ಕತೆಯ ಕೀಲು. ತಯಾರಕರ ಹತ್ತಿರ ಒಂದು ಮನೆತನದ ಗುಟ್ಟು ಇರುತ್ತದೆ, ಒಂದು ದೊಡ್ಡ ಸಂಖ್ಯೆ. ಅದನ್ನು ರಿಮೋಟಿನ ಕ್ರಮಸಂಖ್ಯೆಯ ಜೊತೆ ಸೇರಿಸಿ ಆ ರಿಮೋಟಿನ ಗುಪ್ತ ಸಂಖ್ಯೆಯನ್ನು ಕಾರ್ಖಾನೆಯಲ್ಲೇ ಹುಟ್ಟಿಸಿರುತ್ತಾರೆ. ಗಾಡಿಯ ಪೆಟ್ಟಿಗೆಗೂ ಮನೆತನದ ಗುಟ್ಟು ಗೊತ್ತು. ಕ್ರಮಸಂಖ್ಯೆ ಕೇಳಿದ ಕೂಡಲೇ ಅದೇ ಲೆಕ್ಕ ಹಾಕಿ ಅದೇ ಗುಪ್ತ ಸಂಖ್ಯೆಗೆ ಬರುತ್ತದೆ. ನಮ್ಮ ಸೀಮೆಯಲ್ಲಿ ಇದನ್ನು ಘರಾಣೆ ಅಂದರೆ ಸಾಕು. ಕುಂದಗೋಳದ ಸವಾಯಿ ಗಂಧರ್ವರ ಬಳಿ ಕಲಿತ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಬೇರೆ ಬೇರೆ ಕಂಠದವರು, ಆದರೂ ಬಲ್ಲ ಕಿವಿಗೆ ಎರಡು ಸ್ವರದಲ್ಲೇ ಕಿರಾಣಾ ಅಂತ ತಿಳಿಯುತ್ತದೆ. ಅದೇ ಶ್ರುತಿಯಲ್ಲಿ ಅದೇ ರಾಗ ಹಾಡಿದರೂ ಬೇರೆ ಘರಾಣೆಯವರು ಬೇರೆಯೇ. ನಾನು ಅಂಚೆಯಲ್ಲಿ ತರಿಸಿದ ರಿಮೋಟು 433.92ರಲ್ಲಿ ಚೆನ್ನಾಗಿಯೇ ಹಾಡುತ್ತಿತ್ತು. ಘರಾಣೆ ಬೇರೆ.

ಭಾಯ್ ತಮ್ಮ ಮೂರು ರಿಮೋಟುಗಳ ಬೆನ್ನು ಬಿಚ್ಚಿದ್ದು ಈ ಘರಾಣೆ ನೋಡಲಿಕ್ಕೇ. ಕವಚದ ಮೇಲೆ ಬರೆದದ್ದನ್ನು ಅವರು ಓದುವುದೇ ಇಲ್ಲ, ಕವಚ ಬದಲಿಸುವುದು ಐದು ನಿಮಿಷದ ಕೆಲಸ. ಬೋರ್ಡಿನ ಮೇಲಿನ ಪಾರ್ಟ್ ನಂಬರನ್ನು ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯಲ್ಲಿ ಓದಿದರು. ಮೊದಲನೆಯದು ಬೇರೆ ತಯಾರಕರದು, ಬದಿಗೆ ಹೋಯಿತು. ಎರಡನೆಯದು ಸ್ವಲ್ಪ ಹೊಸ ಬಗೆಯ ಗಾಡಿಯದು. ಈ ಜಾತಿಯ ರಿಮೋಟುಗಳಲ್ಲಿ ಗಾಡಿಯೇ ಚಿಪ್ಪಿನೊಳಕ್ಕೆ ತನ್ನ ಗುಟ್ಟು ಬರೆದು, ಮೇಲೆ ಅಗುಳಿ ಹಾಕಿಬಿಡುತ್ತದೆ. ಒಮ್ಮೆ ಹಾಗಾದರೆ ಅದು ಬೇರೆ ಗಾಡಿಗೆ ಒಗ್ಗುವುದಿಲ್ಲ, ಅಗುಳಿ ತೆಗೆಯಲಿಕ್ಕೆ ಬೇರೆಯೇ ಯಂತ್ರ ಬೇಕು, ತೆಗೆದರೂ ಎಲ್ಲ ಚಿಪ್ಪುಗಳು ಬಗ್ಗುವುದಿಲ್ಲ. ‘ಇದು ಲಗ್ನ ಆಗಿದ್ದು ಐತ್ರಿ’ ಅಂತ ಭಾಯ್ ಅದನ್ನೂ ಸರಿಸಿದರು. ಉಳಿದದ್ದು ಕೆಂಪು ದಾರದ್ದು. ಪಾರ್ಟ್ ನಂಬರು ನನ್ನ ವಾಷಿಂಗ್ ಮಷೀನ್ ರಿಮೋಟಿನ ಕೊನೆಯ ಅಕ್ಷರದವರೆಗೂ ಸರಿಹೋಯಿತು. ಸತ್ತ ರಿಮೋಟನ್ನು ಎಸೆಯದೆ ಇಟ್ಟಿದ್ದು ಈ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಜಾಣತನ.

ಕೀಲಾಕ್ ಮುರಿಯದೆ ಉಳಿಯಲಿಲ್ಲ ಅನ್ನುವುದನ್ನೂ ಹೇಳಬೇಕು. 2008ರಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಪಾರ್, ಥಾಮಸ್ ಐಸೆನ್‌ಬಾರ್ಟ್, ಟಿಮೊ ಕಾಸ್ಪರ್ ಮತ್ತು ಸಂಗಡಿಗರು ಇದರ ಗಣಿತದ ತಂಟೆಗೇ ಹೋಗದೆ ಚಿಪ್ಪು ಕೆಲಸ ಮಾಡುವಾಗ ಎಳೆದುಕೊಳ್ಳುವ ವಿದ್ಯುತ್ತನ್ನು ಅಳೆದರು. ಸೊನ್ನೆಗೂ ಒಂದಕ್ಕೂ ಚಿಪ್ಪು ತಿನ್ನುವ ಕರೆಂಟಿನಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಹತ್ತು ಸಲ ಅಳೆದರೆ ಒಂದು ರಿಮೋಟಿನ ಗುಟ್ಟು ಬಯಲಾಯಿತು. ರಿಸೀವರಿನ ಪೆಟ್ಟಿಗೆ ಅಳೆದಾಗ ಮನೆತನದ ಗುಟ್ಟೇ ಹೊರಬಂತು, ಅದೊಂದು ಸಿಕ್ಕರೆ ದೂರದಲ್ಲಿ ನಿಂತು ಎರಡು ಸಲ ಕೇಳಿಸಿಕೊಂಡು ರಿಮೋಟನ್ನು ನಕಲು ಮಾಡಬಹುದು. ಇಡೀ ಮನೆತನಕ್ಕೆ ಒಂದೇ ಗುಟ್ಟು ಇಟ್ಟರೆ ಆಗುವುದು ಇದೇ. ಹಾಗಂತ 2007ರ ಗಾಡಿಗಾಗಿ ಕಳ್ಳರು ಪ್ರಯೋಗಾಲಯ ಹೊತ್ತು ತರುತ್ತಾರೆ ಅಂತ ನನಗೆ ನಿದ್ದೆ ಕೆಟ್ಟಿಲ್ಲ. ಅವರಿಗೆ ಇಂದಿಗೂ ಕಲ್ಲು ಸಾಕು, ಗಾಜು ಒಡೆಯುತ್ತದೆ.

ಒಡೆದು ಒಳಗೆ ಕೂತರೂ ಗಾಡಿ ಚಾಲೂ ಆಗದಂತೆ ನೋಡಿಕೊಳ್ಳುವುದು ಇನ್ನೊಂದು ಚಿಪ್ಪು. ಹಳೇ ರಿಮೋಟ್ ಕೊಳ್ಳುವವರು ಅತಿ ಹೆಚ್ಚು ಎಡವುವುದು ಇಲ್ಲೇ, ಯಾಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಚಾವಿಯ ತಲೆಯೊಳಗೆ ಹುಣಸೆ ಬೀಜದಷ್ಟಿನ ಕರಿ ತುಂಡು, ಇಲ್ಲವೇ ಸಣ್ಣ ಗಾಜಿನ ಕೊಳವೆ. ಅದಕ್ಕೆ ಸೆಲ್ ಇಲ್ಲ, ತಂತಿಯಿಲ್ಲ. ಚಾವಿ ತಿರುಗಿಸುವ ಕಿಂಡಿಯ ಸುತ್ತ ತಾಮ್ರದ ಸುರುಳಿಯೊಂದು ಇರುತ್ತದೆ, ಅದರಲ್ಲಿ ಸೆಕೆಂಡಿಗೆ ಸುಮಾರು 1.25 ಲಕ್ಷ ಸಲ ಓಲಾಡುವ ಕರೆಂಟು ಹರಿಯುತ್ತದೆ. ಅದರ ಕಾಂತಕ್ಷೇತ್ರ ತುಂಡಿನೊಳಗಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದೇ. ಆ ಒಂದು ಗುಟುಕು ವಿದ್ಯುತ್ತಿನಲ್ಲಿ ಚಿಪ್ಪು ಎಚ್ಚರಗೊಂಡು ಉತ್ತರ ಕೊಟ್ಟು ಮತ್ತೆ ಮಲಗುತ್ತದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗಿಗೂ ಸೆಲ್ ಇಲ್ಲ, ಅದೂ ಟೋಲ್ ನಾಕಾದ ಆಂಟೆನಾದಿಂದ ಕಡ ತಂದ ಶಕ್ತಿಯಲ್ಲೇ ಬದುಕುತ್ತದೆ.

ಇವುಗಳಲ್ಲಿ ಹುಷಾರಾದವು ಎಣಿಕೆ ಇಡುವುದಿಲ್ಲ, ಪ್ರಶ್ನೋತ್ತರ ನಡೆಸುತ್ತವೆ. ಗಾಡಿ ಯಾವುದೋ ಒಂದು ಸಂಖ್ಯೆ ಕೊಡುತ್ತದೆ, ಚಿಪ್ಪು ತನ್ನ ಗುಟ್ಟಿನ ಜೊತೆ ಅದನ್ನು ಕಲಸಿ ಉತ್ತರ ಒಪ್ಪಿಸುತ್ತದೆ. ಉತ್ತರ ತಪ್ಪಾದರೆ ಎಂಜಿನ್ನಿಗೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಾಡಿದ ಇಂಥ ಒಂದು ಚಿಪ್ಪಿನ 40 ಬಿಟ್ಟಿನ ಗುಟ್ಟನ್ನು 2005ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಆರ್‌ಎಸ್‌ಎ ಪ್ರಯೋಗಾಲಯದವರ ಜೊತೆ ಸೇರಿ ಒಡೆದರು. 40 ಬಿಟ್ಟು ಅಂದರೆ 1.1 ಲಕ್ಷ ಕೋಟಿ ಸಾಧ್ಯತೆ, ಕೇಳಲಿಕ್ಕೆ ದೊಡ್ಡದು, ಯಂತ್ರಕ್ಕೆ ತುತ್ತು. ನಮ್ಮ ಕೆಲಸಕ್ಕೆ ಬೇಕಾದದ್ದು ಇಷ್ಟು: ರಿಮೋಟಿನ ಬೋರ್ಡು ಬಾಗಿಲಿನದು, ಹುಣಸೆ ಬೀಜ ಎಂಜಿನ್ನಿನದು. ಹಳೇ ಕವಚ ಒಡೆದುಹೋಯಿತೆಂದು ಹೊಸ ಕವಚಕ್ಕೆ ಬೋರ್ಡು ಸಾಗಿಸಿ, ಹಳೆಯದನ್ನು ಬುಟ್ಟಿಗೆ ಎಸೆದು, ಬಾಗಿಲು ಟಕ್ಕನೆ ತೆರೆದ ಖುಷಿಯಲ್ಲಿ ಚಾವಿ ತಿರುಗಿಸಿ ಪೇಚಿಗೆ ಬಿದ್ದವರು ಭಾಯ್‌ಗೆ ತಿಂಗಳಿಗೊಬ್ಬರಾದರೂ ಸಿಗುತ್ತಾರಂತೆ. ‘ಕಸದ ಗಾಡಿ ಹೋಗೂದರೊಳಗ ಹುಡುಕ್ರಿ ಅಂತೀನ್ರಿ.’

ಕೆಂಪು ದಾರದ ರಿಮೋಟಿಗೆ ಇನ್ನೂ ಸ್ವಲ್ಪ ಶುಶ್ರೂಷೆ ಬೇಕಿತ್ತು. ಅದರ ಲೋಹದ ಚಾವಿಯನ್ನು ಬಿಚ್ಚಿ ಬದಿಗಿಟ್ಟರು, ಅದರ ಹಲ್ಲುಗಳು ಇನ್ಯಾರದೋ. ರಬ್ಬರ್ ಗುಂಡಿಯ ಒಳಮೈಯಲ್ಲಿ ಮಸಿಯ ಚುಕ್ಕೆಯಂಥ ಕಾರ್ಬನ್ ಬಿಲ್ಲೆ ಇತ್ತು. ಒತ್ತಿದಾಗ ಅದು ಬೋರ್ಡಿನ ಎರಡು ತಾಮ್ರದ ಬೆರಳುಗಳನ್ನು ಕೂಡಿಸುತ್ತದೆ. ಬೆರಳುಗಳ ಮೇಲೆ ಜಿಡ್ಡು ಕಟ್ಟಿತ್ತು. ಭಾಯ್ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು, ತಾಮ್ರ ಹೊಳೆಯಿತು. ಹಳೇ ಸೆಲ್ ಮೀಟರಿನಲ್ಲಿ 2.9 ವೋಲ್ಟ್ ತೋರಿಸಿತು, ನಾನು ಚೆನ್ನಾಗಿದೆ ಅಂದೆ. ಅವರು ತಲೆಯಲ್ಲಾಡಿಸಿ, ಮೀಟರ್ ಹಾಗೇ ಹಿಡಿದು ಗುಂಡಿ ಒತ್ತಿದರು. ಸಂಖ್ಯೆ ಸರ್ರನೆ 2.1ಕ್ಕೆ ಕುಸಿಯಿತು. ಸುಮ್ಮನೆ ಕೂತಾಗ ಎಲ್ಲ ಸೆಲ್ಲೂ ಗಟ್ಟಿಯೇ, ಒಳಗಿನ ತಡೆ ಏರಿದ್ದು ಗೊತ್ತಾಗುವುದು ಭಾರ ಹೊರಿಸಿದಾಗ. ಹೊಸ ಸಿಆರ್2032 ಬಂತು. ಆ ಸಂಖ್ಯೆಯಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಂಗಡಿಯಲ್ಲಿ 2016 ಕೊಟ್ಟು ‘ನಡೀತೈತಿ’ ಅಂದರೆ ನಂಬಬೇಡಿ, ಅದರ ದಪ್ಪ ಅರ್ಧ, ಒಳಗೆ ಗಿಲಿಗಿಲಿ ಅನ್ನುತ್ತದೆ.

ಆಮೇಲೆ ಆರ್‌ಸಿ ಕೇಳಿದರು. ಗುರುತಿನ ಚೀಟಿಯನ್ನೂ ನೋಡಿದರು. ಚಾವಿ ಮಾಡುವವರು ಇದನ್ನು ಕೇಳಿದರೆ ಕೊಡಬೇಕು, ಕೇಳದಿದ್ದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಓಣಿಯ ಬೇವಿನ ಮರದ ಕೆಳಗೆ ಗಾಡಿಯ ಬಾಗಿಲು ತೆರೆದು, ಚಾವಿ ಆನ್-ಆಫ್ ಮಾಡಿದ್ದು ಮೂರನೇ ಯತ್ನಕ್ಕೆ ಫಲಿಸಿತು. ಕೀಲಿಗಳು ತಾವಾಗಿಯೇ ಒಮ್ಮೆ ಕಟಕ್ ಅಂದವು. ರಿಮೋಟ್ ಒತ್ತಿದರು, ಮತ್ತೆ ಕಟಕ್. ಹಲವು ಗಾಡಿಗಳಲ್ಲಿ ಹೀಗೆ ಹೊಸ ಪರಿಚಯ ಆಗುವಾಗ, ಆ ಹೊತ್ತಿಗೆ ಎದುರಿಗಿಲ್ಲದ ಹಳೇ ರಿಮೋಟುಗಳ ಖಾತೆ ಅಳಿದುಹೋಗುತ್ತದೆ. ನಮ್ಮದೂ ಆ ಬಗೆಯದು. ರಿಮೋಟ್ ಕಳೆದುಕೊಂಡವರಿಗೆ ಅದು ಒಳ್ಳೆಯ ಸುದ್ದಿ, ಯಾರಿಗಾದರೂ ಸಿಕ್ಕಿದ್ದರೂ ಬಾಗಿಲು ತೆರೆಯುವುದಿಲ್ಲ.

ಎರಡು ತಿಂಗಳಾದ ಮೇಲೆ ಕಳೆದದ್ದು ಸಿಕ್ಕಿತು. ಉಣಕಲ್ ಮದುವೆಗೆ ಉಟ್ಟ ಇಳಕಲ್ ಸೀರೆಯ ಮಡಿಕೆಯೊಳಗಿತ್ತು, ನಮ್ಮ ಮನೆಯವರ ಕರವಸ್ತ್ರದಲ್ಲಿ ಸುತ್ತಿಕೊಂಡು. ಒತ್ತಿದೆ. ಕೆಂಪು ದೀಪ ಮಿಣುಕಿತು. ಹದಿನೈದು ವರ್ಷಕ್ಕೂ ಮೇಲ್ಪಟ್ಟು ಅದರ ಮಾತು ಕೇಳಿದ ಗಾಡಿ ಕದಲಲಿಲ್ಲ. ಮತ್ತೆ ಕಲಿಸಿಕೊಂಡರೆ ಆಗುತ್ತಿತ್ತು, ಆದರೆ ಕೆಂಪು ದಾರದ್ದು ಚೆನ್ನಾಗಿಯೇ ನಡೆಯುತ್ತಿತ್ತು. ಮುಂದಿನ ಸಲ ಗೋಕುಲ ರಸ್ತೆಗೆ ಹೋದಾಗ ಭಾಯ್ ಮುಂದೆ ಇಟ್ಟೆ. ಮೀಟರಿನ ಮೇಲೆ ಹಿಡಿದರು, 433.92. ಹಿಂದಿನ ಮುಚ್ಚಳ ತೆಗೆದು ಸೆಲ್ ಹೊರಗೆ ಎಬ್ಬಿಸಿ, ಉಳಿದದ್ದನ್ನು ಬೇರೆ ರಿಮೋಟುಗಳಿದ್ದ ಟ್ರೇಗೆ ಹಾಕಿದರು.

‘ಸೆಲ್ ಒಯ್ಯಿರಿ ಸರ, ಇನ್ನೂ ಗಟ್ಟಿ ಐತಿ. ಗಡಿಯಾರಕ್ಕರ ಆಗ್ತೈತಿ.’